ಹೇಗ್ ನಗರದ ವ್ಯಾಯಾಮ ಶಿಕ್ಷಕಿ

ಪ್ರತಿ ವರ್ಷವೂ ಜೂನ್ ತಿಂಗಳಲ್ಲಿ ಶಾಲೆಯು ಪುನಃ ಆರಂಭವಾದೊಡನೆಯೇ ನಮ್ಮ ಮೇಜಿನ ಮೇಲೆ ಒಂದು ವಿಧವಾದ ಚೀಟಿಗಳು ಬಂದು ಸೇರುತ್ತವೆ. ಅವುಗಳ ಒಕ್ಕಣೆಯು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಮಗಳು ಈಗ ದೊಡ್ಡವಳಾಗಿದ್ದಾಳೆ, ಆದಕಾರಣ ಆಕೆಯನ್ನು ಆಟದ ಪೀರಿಯಡ್ಡಿನಿಂದ ಬಿಡುಗಡೆ ಮಾಡಬೇಕಾಗಿ ವಿನಂತಿ, ಎಂಬುದೇ ಅವುಗಳ ಸಾರಾಂಶ. ಕೆಲವರು ಬಿಸಿಲನ್ನು ಕಾರಣವಾಗಿ ಹೇಳುತ್ತಾರೆ. ಕೆಲವರು ಗಣಿತದ ಟ್ಯೂಷನ್ನನ್ನು. ಕೆಲವರು ಕಾರಣವನ್ನು ಹೇಳುವ ಗೋಜಿಗೇ ಹೋಗುವುದಿಲ್ಲ. ಐದನೆಯ, ಆರನೆಯ ತರಗತಿಯ ಹುಡುಗಿಯರ ಮನೆಗಳಿಂದ ಇಂಥ ಒಂದು ಚೀಟಿಯೂ ಬರುವುದಿಲ್ಲ. ಎಂಟನೆಯ ತರಗತಿಯನ್ನು ದಾಟಿದೊಡನೆ ಅವು ಮಳೆಗಾಲದ ಅಣಬೆಗಳಂತೆ ಏಳುತ್ತವೆ. ನೆರೆಯ ಗಂಡುಮಕ್ಕಳ ಹೈಸ್ಕೂಲಿನ ಮುಖ್ಯೋಪಾಧ್ಯಾಯರನ್ನು ನಾವು ವಿಚಾರಿಸಿದಾಗ, ತಮ್ಮ ಸೇವಾಕಾಲದಲ್ಲಿ ಇಂಥ ಚೀಟಿಯೊಂದನ್ನೂ ಕಂಡುದಿಲ್ಲವೆಂದು ಅವರು ಆಶ್ಚರ್ಯಪಟ್ಟರು. ಸೂರ್ಯನ ಬಿಸಿಲು ಹುಡುಗಿಯರ ಮೇಲೆ ಮಾತ್ರ ಬೀಳುತ್ತದೆಂದು ನಾವು ಪ್ರಕೃತಿ ಶಾಸ್ತ್ರದ ಪಾಠದಲ್ಲಿ ಎಂದೂ ಕಲಿಸಿದುದಿಲ್ಲ.

ಈ ವಿಷಯವಾಗಿ ಪೋಷಕರೊಡನೆ ವಾದಿಸುವುದಕ್ಕಿಂತ, ಹಾಲೆಂಡ್ ದೇಶದ ಒಬ್ಬ ಮಹಿಳೆಯ ವೃತ್ತಾಂತವನ್ನು ಅವರ ಮುಂದಿಡುವುದು ಮೇಲೆಂದು ನಮಗೆ ತೋರಿತು. ಆಕೆಯ ಹೆಸರು ಸರೀನಾ ವೀಗ್ಮನ್. ತನ್ನ ದೇಶದ ಫುಟ್‌ಬಾಲ್ ತಂಡದ ನಾಯಕಿಯಾಗಿದ್ದು, ಅನಂತರ ಅದೇ ತಂಡಕ್ಕೂ ತರುವಾಯ ಇಂಗ್ಲೆಂಡಿನ ತಂಡಕ್ಕೂ ತರಬೇತುಗಾರ್ತಿಯಾಗಿ, 2017, 2022 ಮತ್ತು 2025ನೆಯ ಇಸವಿಗಳಲ್ಲಿ ನಡೆದ ಮೂರು ಯೂರೋಪ್ ಖಂಡದ ಸ್ಪರ್ಧೆಗಳನ್ನೂ ಗೆದ್ದುಕೊಟ್ಟಾಕೆ. ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಆಕೆಯ ಹೆಸರನ್ನು ಬಲ್ಲರು. ಅವರ ತಾಯಿತಂದೆಗಳಲ್ಲಿ ಬಲ್ಲವರು ವಿರಳ.

ಆಕೆಯು 1969ನೆಯ ಅಕ್ಟೋಬರ್ 26ರಂದು ಹೇಗ್ ನಗರದಲ್ಲಿ ಹುಟ್ಟಿದಳು. ಆಕೆಯ ಜೊತೆಯಲ್ಲಿಯೇ ಹುಟ್ಟಿದ ಅವಳಿ ಸಹೋದರನೊಬ್ಬನಿದ್ದನು. ಅಣ್ಣತಮ್ಮಂದಿರು ಬೀದಿಯಲ್ಲಿ ಚೆಂಡನ್ನು ಒದೆಯುವಾಗ ಬಾಗಿಲಲ್ಲಿ ನಿಂತು ನೋಡುವ ಹುಡುಗಿಯಾಗಿ ಆಕೆ ಇರಲಿಲ್ಲ, ತಾನೂ ಒದೆಯುತ್ತಿದ್ದಳು. ಹಾಲೆಂಡಿನ ಫುಟ್‌ಬಾಲ್ ಮಂಡಲಿಯು ಸ್ತ್ರೀಯರ ಆಟಕ್ಕೆ ಮಾನ್ಯತೆ ಕೊಟ್ಟದ್ದೇ 1971ರಲ್ಲಿ. ಸಣ್ಣ ಹುಡುಗಿಯರಿಗಾಗಿ ತಂಡಗಳೆಂಬುವು ಇನ್ನೂ ಏರ್ಪಟ್ಟಿರಲಿಲ್ಲ. ಹುಡುಗರ ತಂಡದಲ್ಲಿ ಹುಡುಗಿಯು ಸೇರುವುದಕ್ಕೆ ನಿಯಮದ ಸಮ್ಮತಿಯಿರಲಿಲ್ಲ. ಆದುದರಿಂದ ಈ ಹುಡುಗಿಯು ತನ್ನ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡು, ಸಹೋದರನ ಜೊತೆಯಲ್ಲಿ ಹುಡುಗರ ನಡುವೆ ಆಡಿದಳು. ಮನೆಯವರು ಬೇಡವೆನ್ನಲಿಲ್ಲ. ಈ ಚಿಕ್ಕ ಸಂಗತಿಯ ಮೇಲೆ ನಾವು ಸ್ವಲ್ಪ ನಿಲ್ಲಬೇಕೆಂದಿದ್ದೇವೆ. ಜಗತ್ತಿನಲ್ಲಿ ಎಷ್ಟು ಮಂದಿ ಅವಳಿ ಮಕ್ಕಳು ಒಂದೇ ತೊಟ್ಟಿಲಲ್ಲಿ ಮಲಗಿ, ಒಂದೇ ತಟ್ಟೆಯಲ್ಲಿ ಉಂಡು, ಹತ್ತು ವರ್ಷವಾದೊಡನೆ ಒಬ್ಬನು ಬಯಲಿಗೂ ಒಬ್ಬಳು ಅಡಿಗೆಮನೆಗೂ ಹೋಗುವರು! ಆ ಮನೆಯಲ್ಲಿ ಹಾಗಾಗಲಿಲ್ಲ. ಒಬ್ಬ ತಾಯಿಯೂ ಒಬ್ಬ ತಂದೆಯೂ ಬಾಗಿಲನ್ನು ಹಾಕದೆ ತೆರೆದಿಟ್ಟರು. ಅವರು ಮಾಡಿದ್ದು ಇಷ್ಟೇ.

1987ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಆಕೆಯು ದೇಶದ ತಂಡಕ್ಕೆ ಆರಿಸಲ್ಪಟ್ಟಳು. ಮರುವರ್ಷ ಚೀನ ದೇಶದಲ್ಲಿ ನಡೆದ ಆಹ್ವಾನ ಸ್ಪರ್ಧೆಯೊಂದರಲ್ಲಿ ಅಮೆರಿಕದ ತರಬೇತುಗಾರರಾದ ಆನ್ಸನ್ ಡೊರಾನ್ಸ್ ಎಂಬವರ ಪರಿಚಯವಾಗಿ, 1989ರಲ್ಲಿ ಆಕೆಯು ಉತ್ತರ ಕರೋಲಿನಾ ವಿಶ್ವವಿದ್ಯಾನಿಲಯಕ್ಕೆ ಹೋಗಿ ಅಲ್ಲಿಯ ತಂಡದಲ್ಲಿ ಆಡಿದಳು. ಆ ವರ್ಷ ಆ ತಂಡವು ಅಮೆರಿಕದ ಕಾಲೇಜುಗಳ ಸ್ಪರ್ಧೆಯಲ್ಲಿ ಗೆದ್ದಿತು. ಮುಂದೆ ಲೋಕಪ್ರಸಿದ್ಧರಾದ ಮಿಯಾ ಹ್ಯಾಮ್ ಮತ್ತು ಕ್ರಿಸ್ಟೀನ್ ಲಿಲ್ಲಿ ಆಕೆಯ ಜೊತೆಗಾರ್ತಿಯರಾಗಿದ್ದರು. ಅಲ್ಲಿ ಆಕೆಯು ಕಂಡದ್ದೇನು? ಹುಡುಗಿಯರಿಗಾಗಿಯೇ ಮೀಸಲಾದ ಬಯಲು, ಹುಡುಗಿಯರಿಗಾಗಿಯೇ ನಿಯಮಿತರಾದ ಶಿಕ್ಷಕರು, ಹುಡುಗಿಯರ ಆಟವನ್ನು ನಗದೆ ನೋಡುವ ಜನರು. ಹಿಂದಿರುಗಿ ಬಂದಾಗ ತನ್ನ ದೇಶದಲ್ಲಿ ಇವು ಯಾವುವೂ ಇರಲಿಲ್ಲ. ಆದರೆ ಇವು ಇರಲು ಸಾಧ್ಯವೆಂಬುದನ್ನು ಆಕೆಯ ಕಣ್ಣು ಒಮ್ಮೆ ನೋಡಿಬಿಟ್ಟಿತ್ತು.

ಹಾಲೆಂಡಿನಲ್ಲಿ ಆಗ ಫುಟ್‌ಬಾಲ್ ಆಟದಿಂದ ಸ್ತ್ರೀಯೊಬ್ಬಳು ಹೊಟ್ಟೆ ಹೊರೆಯುವುದು ಸಾಧ್ಯವಿರಲಿಲ್ಲ. ಆದುದರಿಂದ ಆಕೆಯು ಹೇಗ್ ನಗರದ ಸೆಗ್‌ಬ್ರೂಕ್ ಕಾಲೇಜೆಂಬ ಪ್ರೌಢಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿಯಾದಳು. ಹಗಲು ಶಾಲೆ, ಸಂಜೆ ಟೆರ್ ಲೇಡ ಎಂಬ ಕ್ಲಬ್ಬಿನ ಅಭ್ಯಾಸ. ಆ ಕ್ಲಬ್ಬಿಗಾಗಿ ಆಡಿ 2001ರಲ್ಲಿಯೂ 2003ರಲ್ಲಿಯೂ ದೇಶದ ಚಾಂಪಿಯನ್ ಪದವಿಯನ್ನು ಗೆದ್ದಳು. ದೇಶಕ್ಕಾಗಿ ಆಡಿದ ಪಂದ್ಯಗಳು ನೂರರ ಸುಮಾರಿಗೆ ಮುಟ್ಟಿದವು. ಎರಡು ಮಕ್ಕಳ ತಾಯಿಯಾದಳು. ಎರಡನೆಯ ಮಗುವನ್ನು ಹೊತ್ತಿದ್ದಾಗ 2003ರಲ್ಲಿ ಆಟವನ್ನು ನಿಲ್ಲಿಸಿದಳು.

ಈ ಭಾಗವನ್ನು ಪತ್ರಿಕೆಗಳು ಎರಡು ಸಾಲುಗಳಲ್ಲಿ ಮುಗಿಸಿಬಿಡುತ್ತವೆ. ವಿಜಯಗಳನ್ನು ವರ್ಣಿಸಲು ಪುಟಗಳನ್ನೇ ಮೀಸಲಿಡುತ್ತವೆ. ನಮ್ಮ ಅಭಿಪ್ರಾಯವು ಇದಕ್ಕೆ ವಿರುದ್ಧವಾಗಿದೆ. ಆಕೆಯು ಆಡುತ್ತಿದ್ದ ಹದಿನಾಲ್ಕು ವರ್ಷಗಳಲ್ಲಿ ಹಾಲೆಂಡಿನ ಸ್ತ್ರೀಯರ ತಂಡವು ಯೂರೋಪ್ ಸ್ಪರ್ಧೆಯ ಅಂತಿಮ ಸುತ್ತಿಗಾಗಲಿ ವಿಶ್ವಕಪ್ಪಿಗಾಗಲಿ ಒಂದು ಸಲವೂ ಅರ್ಹತೆ ಪಡೆಯಲಿಲ್ಲ. ಮೊಟ್ಟಮೊದಲು ಅರ್ಹತೆ ದೊರೆತದ್ದು 2009ರ ಯೂರೋಪ್ ಸ್ಪರ್ಧೆಗೆ. ಅಂದರೆ ತನ್ನ ದೇಶದ ನಾಯಕಿಯಾಗಿದ್ದವಳು ಆಟಗಾರ್ತಿಯಾಗಿ ಒಂದು ದೊಡ್ಡ ಸ್ಪರ್ಧೆಯ ಹೆಬ್ಬಾಗಿಲನ್ನೂ ಕಾಣಲಿಲ್ಲ. ಅದೇ ಮಹಿಳೆಯು ತರಬೇತುಗಾರ್ತಿಯಾಗಿ 2017ರಿಂದ 2025ರ ವರೆಗೆ ಸಾಲಾಗಿ ಐದು ದೊಡ್ಡ ಸ್ಪರ್ಧೆಗಳಲ್ಲಿ ತನ್ನ ತಂಡವನ್ನು ಕಟ್ಟಕಡೆಯ ಪಂದ್ಯಕ್ಕೆ ಕರೆದೊಯ್ದಳು. ಇವೆರಡರ ಮಧ್ಯದಲ್ಲಿ ಏನಿತ್ತೆಂದು ಕೇಳಿದರೆ, ಶಾಲೆಯಿತ್ತು. ಆಟದಲ್ಲಿ ನಿಪುಣರಾದವರೆಲ್ಲರೂ ಕಲಿಸುವುದರಲ್ಲಿ ನಿಪುಣರಾಗುವುದಿಲ್ಲ. ಇದು ಗಣಿತಕ್ಕೂ ಸಂಗೀತಕ್ಕೂ ಸಮಾನವಾದ ಮಾತು. ತಾನು ಸುಲಭವಾಗಿ ಮಾಡುವುದನ್ನು ಇನ್ನೊಬ್ಬಳು ಏತಕ್ಕೆ ಮಾಡಲಾರಳೆಂದು ಜಾಣೆಗೆ ತಿಳಿಯುವುದೇ ಇಲ್ಲ. ಮೂವತ್ತು ಮಂದಿ ಮಕ್ಕಳ ತರಗತಿಯನ್ನು ದಿನದಿನವೂ ಬಯಲಿಗೆ ಇಳಿಸಿ, ಓಡಲಾರದವಳನ್ನೂ, ನಾಚುವವಳನ್ನೂ, ಮುನಿದು ಮೂಲೆಗೆ ಕೂತವಳನ್ನೂ ಎಬ್ಬಿಸಿ ಆಡಿಸಿದವರಿಗೆ ಮಾತ್ರ ಅದು ತಿಳಿಯುತ್ತದೆ.

ಮುಂದಿನ ಮೆಟ್ಟಲುಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. 2006ರಲ್ಲಿ ಟೆರ್ ಲೇಡ ಕ್ಲಬ್ಬಿನ ತರಬೇತುಗಾರ್ತಿಯಾಗಿ ಮರುವರ್ಷವೇ ಲೀಗನ್ನೂ ಕಪ್ಪನ್ನೂ ಗೆದ್ದಳು. 2007ರಲ್ಲಿ ಸ್ತ್ರೀಯರ ರಾಷ್ಟ್ರೀಯ ಲೀಗ್ ಆರಂಭವಾದಾಗ ಹೇಗ್ ನಗರದ ಆಡೋ ಕ್ಲಬ್ಬಿಗೆ ಸೇರಿ, 2012ರಲ್ಲಿ ಲೀಗನ್ನು ಗೆದ್ದುಕೊಟ್ಟಳು. 2014ರಲ್ಲಿ ದೇಶದ ತಂಡಕ್ಕೆ ಸಹಾಯಕಿಯಾದಳು. ಯೂರೋಪಿನ ಫುಟ್‌ಬಾಲ್ ಮಂಡಲಿಯು ಕೊಡುವ ಅತ್ಯುನ್ನತ ತರಬೇತಿ ಪರೀಕ್ಷೆಯನ್ನೂ ಮುಗಿಸಿದಳು. 2016ರಲ್ಲಿ ರಾಟರ್‌ಡ್ಯಾಮ್ ನಗರದ ಸ್ಪಾರ್ಟಾ ಎಂಬ ಪುರುಷರ ಕ್ಲಬ್ಬಿನಲ್ಲಿ ಕೆಲವು ಕಾಲ ಸಹಾಯಕಿಯಾಗಿ ಕೆಲಸ ಮಾಡಿದಳು. ಅಷ್ಟರಲ್ಲಿ ದೇಶದ ತಂಡದ ಮುಖ್ಯ ತರಬೇತುಗಾರರನ್ನು ತೆಗೆದುಹಾಕಲಾಗಿ, 2017ನೆಯ ಜನವರಿಯಲ್ಲಿ ಆ ಸ್ಥಾನವು ಈಕೆಗೆ ಬಂದಿತು. ಯೂರೋಪ್ ಸ್ಪರ್ಧೆಗೆ ಉಳಿದಿದ್ದುದು ಆರೇ ತಿಂಗಳು. ಅದೂ ಸ್ವದೇಶದಲ್ಲಿ, ಸ್ವಜನರ ಎದುರಿನಲ್ಲಿ. ಆರು ಪಂದ್ಯಗಳಲ್ಲಿ ಆರನ್ನೂ ಗೆದ್ದು, ಆಗಸ್ಟ್ 6ರಂದು ಎನ್‌ಸ್ಕೆಡೆ ಎಂಬಲ್ಲಿ ಡೆನ್ಮಾರ್ಕನ್ನು 4-2ರಿಂದ ಸೋಲಿಸಿ, ಹಾಲೆಂಡಿನ ಸ್ತ್ರೀಯರು ಪ್ರಥಮ ಬಾರಿಗೆ ಯೂರೋಪಿನ ಚಾಂಪಿಯನ್ನರಾದರು. ಎರಡು ವರ್ಷಗಳ ಮೇಲೆ ಫ್ರಾನ್ಸಿನಲ್ಲಿ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಅಮೆರಿಕಕ್ಕೆ 2-0ರಿಂದ ಸೋತರು.

2021ನೆಯ ಸೆಪ್ಟೆಂಬರಿನಲ್ಲಿ ಆಕೆಯು ಇಂಗ್ಲೆಂಡಿಗೆ ಹೋದಳು. ಈ ಇಂಗ್ಲೆಂಡಿನ ಪೂರ್ವ ಚರಿತ್ರೆಯನ್ನು ನಮ್ಮ ಪೋಷಕರು ಅಗತ್ಯವಾಗಿ ತಿಳಿಯಬೇಕು. ಏಕೆಂದರೆ ನಮ್ಮಂಥ ಮಿಷನ್ ಶಾಲೆಗಳು ಹೆಣ್ಣುಮಕ್ಕಳನ್ನು ಬಯಲಿಗಿಳಿಸಿದಾಗ, ಇದೆಲ್ಲ ದೊರೆಸಾನಿಯರ ದೇಶದಿಂದ ಬಂದ ಪದ್ಧತಿ, ಅಲ್ಲಿ ಎಲ್ಲವೂ ನಡೆಯುತ್ತದೆ ಎಂದು ಹೇಳುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಅಲ್ಲಿ ಎಲ್ಲವೂ ನಡೆಯಲಿಲ್ಲ. 1920ನೆಯ ಡಿಸೆಂಬರ್ 26ರಂದು ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕಿನಲ್ಲಿ, ಡಿಕ್ ಕೆರ್ ಕಾರ್ಖಾನೆಯ ಕೆಲಸಗಾರ್ತಿಯರ ತಂಡವು ಆಡಿದ ಧರ್ಮಾರ್ಥ ಪಂದ್ಯವನ್ನು ನೋಡಲು ಸುಮಾರು 53,000 ಜನರು ನೆರೆದಿದ್ದರು. ಒಂದು ವರ್ಷವೂ ತುಂಬುವುದರೊಳಗಾಗಿ, 1921ನೆಯ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಮಂಡಲಿಯು ಈ ಆಟವು ಸ್ತ್ರೀಯರಿಗೆ ಸರ್ವಥಾ ಯೋಗ್ಯವಲ್ಲವೆಂದು ನಿರ್ಣಯಿಸಿ, ತನ್ನ ಕ್ಲಬ್ಬುಗಳ ಬಯಲುಗಳನ್ನು ಅವರಿಗೆ ಕೊಡಕೂಡದೆಂದು ಆಜ್ಞೆ ಮಾಡಿತು. ವೈದ್ಯರು ಕೂಡ ಹೌದೆಂದು ತಲೆದೂಗಿದರು. ಆ ಆಜ್ಞೆಯು ಸುಮಾರು ಐವತ್ತು ವರ್ಷಗಳ ಕಾಲ ಜಾರಿಯಲ್ಲಿತ್ತು. ಐವತ್ತು ವರ್ಷವೆಂದರೆ ಅಜ್ಜಿಯಿಂದ ಮೊಮ್ಮಗಳ ವರೆಗಿನ ಕಾಲ. ನಮ್ಮ ಮೇಜಿನ ಮೇಲೆ ಬೀಳುವ ಚೀಟಿಗೂ ಆ ಆಜ್ಞೆಗೂ ಒಕ್ಕಣೆಯಲ್ಲಿ ವ್ಯತ್ಯಾಸವಿದೆ. ಅಭಿಪ್ರಾಯದಲ್ಲಿ ಅಷ್ಟಾಗಿ ಇಲ್ಲ.

ಅಂಥ ದೇಶದಲ್ಲಿ 2022ನೆಯ ಜುಲೈ 31ರಂದು ವೆಂಬ್ಲಿ ಬಯಲಿನಲ್ಲಿ 87,192 ಜನರು ಕುಳಿತು ಸ್ತ್ರೀಯರ ಅಂತಿಮ ಪಂದ್ಯವನ್ನು ನೋಡಿದರು. ಯೂರೋಪ್ ಸ್ಪರ್ಧೆಯ ಅಂತಿಮ ಪಂದ್ಯಕ್ಕೆ, ಪುರುಷರದನ್ನೂ ಸೇರಿಸಿಕೊಂಡು, ಅದಕ್ಕೆ ಮುಂಚೆ ಅಷ್ಟು ಜನರು ಎಂದೂ ಸೇರಿರಲಿಲ್ಲ. ಜರ್ಮನಿಯ ಮೇಲೆ ಇಂಗ್ಲೆಂಡ್ 2-1ರಿಂದ ಗೆದ್ದಿತು. ಈ ವಿಜಯದಲ್ಲಿ ಉಪಾಧ್ಯಾಯಿನಿಯರಾದ ನಮ್ಮ ಮನಸ್ಸನ್ನು ಸೆಳೆದುದು ಒಂದು ವಿಶೇಷ. ಆ ಸ್ಪರ್ಧೆಯ ಆರು ಪಂದ್ಯಗಳಲ್ಲಿಯೂ ವೀಗ್ಮನ್ ಅದೇ ಹನ್ನೊಂದು ಮಂದಿಯನ್ನು ಮೊದಲಿಗೆ ಇಳಿಸಿದಳು. ಹೊರಗೆ ಕೂತವರಿಗೆ ಇದು ಅನ್ಯಾಯವಲ್ಲವೇ ಎಂದು ಕೇಳಬಹುದು. ಆದರೆ ಅಂತಿಮ ಪಂದ್ಯದ ಎರಡು ಗೋಲುಗಳನ್ನೂ ಹೊಡೆದವರು ಹೊರಗೆ ಕೂತಿದ್ದು ತಡವಾಗಿ ಇಳಿದ ಎಲ್ಲ ಟೂನ್ ಮತ್ತು ಕ್ಲೋಯಿ ಕೆಲ್ಲಿ. ಅಲೆಸಿಯಾ ರುಸ್ಸೋ ಎಂಬಾಕೆಯು ಒಂದು ಪಂದ್ಯದಲ್ಲಿಯೂ ಮೊದಲಿಗೆ ಇಳಿಯದೆ ಆ ಸ್ಪರ್ಧೆಯಲ್ಲಿ ನಾಲ್ಕು ಗೋಲುಗಳನ್ನು ಹೊಡೆದಳು. ಪ್ರತಿಯೊಬ್ಬಳಿಗೂ ತನ್ನ ಕೆಲಸವೇನು, ಅದು ಯಾವಾಗ ಬರುತ್ತದೆ ಎಂಬುದನ್ನು ಮುಂಚಿತವಾಗಿ, ಮುಚ್ಚುಮರೆಯಿಲ್ಲದೆ ಹೇಳುವುದೇ ಆಕೆಯ ಪದ್ಧತಿಯೆಂದು ಆಟಗಾರ್ತಿಯರು ಹೇಳಿರುವರು. ತರಗತಿಯಲ್ಲಿ ಹಿಂದಿನ ಬೆಂಚಿನವಳಿಗೆ ನೀನು ಹಿಂದಿನವಳೆಂದು ಹೇಳುವುದು ಯಾರಿಗೂ ಕಷ್ಟವಲ್ಲ. ನಿನ್ನ ಗಳಿಗೆ ಬರುತ್ತದೆ, ಸಿದ್ಧಳಾಗಿರು ಎಂದು ಹೇಳಿ, ಆಕೆಯು ಅದನ್ನು ನಂಬುವಂತೆ ಮಾಡುವುದಕ್ಕೆ ಶಿಕ್ಷಕಿಯು ಬೇಕು. ತಲಾಂತುಗಳ ಸಾಮ್ಯದಲ್ಲಿ ಒಂದೇ ತಲಾಂತನ್ನು ಪಡೆದವನು ಅದನ್ನು ಮಣ್ಣಿನಲ್ಲಿ ಹೂಳಿಟ್ಟನೆಂದು ನಾವು ಓದುತ್ತೇವೆ. ಅವನಿಗೆ ಇಂಥ ಶಿಕ್ಷಕಿಯೊಬ್ಬಳು ದೊರೆತಿದ್ದರೆ ಏನಾಗುತ್ತಿತ್ತೋ ಎಂದು ನಮಗೆ ಆಗಾಗ್ಗೆ ತೋರುವುದುಂಟು.

ಆ ಸ್ಪರ್ಧೆಗೆ ಸ್ವಲ್ಪ ಮುಂಚೆ ಆಕೆಯ ಸಹೋದರಿಯು ತೀರಿಕೊಂಡಿದ್ದಳು. ಕೊನೆಯ ಪಂದ್ಯವು ಮುಗಿದಾಗ ಆಕೆಯು ತನ್ನ ಕೈಯಲ್ಲಿದ್ದ, ಸಹೋದರಿಯದಾದ ಬಳೆಯನ್ನು ಮುದ್ದಿಟ್ಟುದನ್ನು ಜನರು ನೋಡಿದರು. ಅದಕ್ಕಿಂತ ಹೆಚ್ಚಾಗಿ ಆಕೆಯು ತನ್ನ ದುಃಖವನ್ನು ಬಯಲಿನಲ್ಲಿ ತೋರಿಸಲಿಲ್ಲ.

ಗೆದ್ದ ಆಟಗಾರ್ತಿಯರು ಆ ಆಗಸ್ಟಿನಲ್ಲಿ ಏನು ಮಾಡಿದರು? ಆಗ ಪ್ರಧಾನಮಂತ್ರಿಯ ಸ್ಥಾನಕ್ಕೆ ಸ್ಪರ್ಧಿಸುತ್ತಿದ್ದ ಇಬ್ಬರಿಗೂ ಎಲ್ಲರೂ ಕೂಡಿ ಒಂದು ಪತ್ರವನ್ನು ಬರೆದರು. ಶಾಲೆಯ ವ್ಯಾಯಾಮದ ಪೀರಿಯಡ್ಡಿನಲ್ಲಿ ಫುಟ್‌ಬಾಲ್ ಆಡುವ ಅವಕಾಶವು ನೂರಕ್ಕೆ 63 ಮಂದಿ ಹುಡುಗಿಯರಿಗೆ ಮಾತ್ರ ದೊರೆಯುತ್ತಿದೆ, ಎಲ್ಲರಿಗೂ ದೊರೆಯುವಂತೆ ಮಾಡಬೇಕು, ವಾರಕ್ಕೆ ಎರಡು ಗಂಟೆಯಾದರೂ ವ್ಯಾಯಾಮವಿರಬೇಕು, ಎಂಬುದು ಅವರ ಬೇಡಿಕೆ. ಬಹುಮಾನ ಕೇಳಲಿಲ್ಲ, ಮನೆ ನಿವೇಶನ ಕೇಳಲಿಲ್ಲ. ಶಾಲೆಯ ಪೀರಿಯಡ್ಡನ್ನು ಕೇಳಿದರು. 2023ನೆಯ ಮಾರ್ಚಿನಲ್ಲಿ ಅಲ್ಲಿಯ ಸರ್ಕಾರವು ಹುಡುಗಿಯರಿಗೂ ಹುಡುಗರಿಗೂ ಶಾಲೆಯ ಆಟಗಳಲ್ಲಿ ಸಮಾನ ಅವಕಾಶವಿರತಕ್ಕದ್ದೆಂದು ಪ್ರಕಟಿಸಿತು.

ಇನ್ನು ಪೋಷಕರ ಆತಂಕಗಳಲ್ಲಿ ಒಂದನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಮಗಳು ಬಯಲಿಗೆ ಹೋದರೆ, ಊರೂರಿಗೆ ಪಂದ್ಯಗಳಿಗೆ ಹೋದರೆ, ಆಕೆಯ ಮರ್ಯಾದೆಗೆ ಯಾರು ಹೊಣೆ ಎಂದು ತಾಯಂದಿರು ನಮ್ಮನ್ನು ಒಬ್ಬೊಬ್ಬರಾಗಿ ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಈ ಪ್ರಶ್ನೆಯು ನ್ಯಾಯವಾದುದು. 2023ನೆಯ ಆಗಸ್ಟ್ 20ರಂದು ಸಿಡ್ನಿ ನಗರದಲ್ಲಿ ನಡೆದ ವಿಶ್ವಕಪ್ಪಿನ ಕೊನೆಯ ಪಂದ್ಯದಲ್ಲಿ ವೀಗ್ಮನ್ ಅವರ ಇಂಗ್ಲೆಂಡ್ ಸ್ಪೇನಿಗೆ 1-0ರಿಂದ ಸೋತಿತು. ಪದಕಗಳನ್ನು ಕೊಡುವ ವೇಳೆಯಲ್ಲಿ, ಲೋಕವೆಲ್ಲ ನೋಡುತ್ತಿರಲಾಗಿ, ಸ್ಪೇನಿನ ಫುಟ್‌ಬಾಲ್ ಮಂಡಲಿಯ ಅಂದಿನ ಅಧ್ಯಕ್ಷನು ತನ್ನದೇ ತಂಡದ ಆಟಗಾರ್ತಿಯೊಬ್ಬಳೊಡನೆ, ಆಕೆಯ ಸಮ್ಮತಿಯಿಲ್ಲದೆ, ಸಭ್ಯರು ನಡೆಯಬಾರದ ರೀತಿಯಲ್ಲಿ ನಡೆದುಕೊಂಡನು. 2025ರಲ್ಲಿ ಅಲ್ಲಿಯ ನ್ಯಾಯಾಲಯವು ಅವನನ್ನು ಅಪರಾಧಿಯೆಂದು ತೀರ್ಮಾನಿಸಿತು. ಲೋಕದ ಚಾಂಪಿಯನ್ನರಿಗೇ ಹೀಗಾದರೆ ನಮ್ಮ ಮಕ್ಕಳ ಗತಿಯೇನೆಂದು ಕೇಳುವವರಿಗೆ ನಮ್ಮ ಉತ್ತರವಿಷ್ಟು. ಆ ಘಟನೆಯಾದ ಹನ್ನೊಂದು ದಿನಗಳ ಮೇಲೆ ಯೂರೋಪಿನ ಶ್ರೇಷ್ಠ ತರಬೇತುಗಾರ್ತಿಯೆಂಬ ಬಹುಮಾನವು ವೀಗ್ಮನ್ ಅವರಿಗೆ ದೊರೆತಾಗ, ಆಕೆಯು ವೇದಿಕೆಯ ಮೇಲೆ ನಿಂತು ಅದನ್ನು ತನ್ನನ್ನು ಸೋಲಿಸಿದ ಸ್ಪೇನಿನ ಆಟಗಾರ್ತಿಯರಿಗೆ ಅರ್ಪಿಸಿದಳು. ಹೆಣ್ಣುಮಕ್ಕಳನ್ನು ಬಯಲಿನಿಂದ ಹಿಂದಕ್ಕೆ ಕರೆಯಿರಿ ಎಂದು ಆಕೆಯು ಹೇಳಲಿಲ್ಲ. ತಪ್ಪು ಮಾಡಿದವನು ಬಯಲನ್ನು ಬಿಡಬೇಕೇ ಹೊರತು ಆಡಿದವಳಲ್ಲ. ಆ ಅಧ್ಯಕ್ಷನು ಕೊನೆಗೆ ಆ ಪದವಿಯನ್ನು ಬಿಟ್ಟನು. ಆದರೆ ಈ ಎಚ್ಚರವು ಬರಿಯ ಮಾತಿನಿಂದ ಬರುವುದಿಲ್ಲ. ಬಯಲಿನಲ್ಲಿ ಮಕ್ಕಳ ಜೊತೆಗೆ ಸ್ತ್ರೀಯರಾದ ಶಿಕ್ಷಕಿಯರು ಇರಬೇಕು. ಏನಾದರೂ ತಪ್ಪಿದಲ್ಲಿ ಮಗುವು ಯಾರ ಹತ್ತಿರ ಹೋಗಿ ಹೇಳಬೇಕೆಂಬುದು ಗೊತ್ತಿರಬೇಕು. ಹೇಳಿದ ಮಾತನ್ನು ದೊಡ್ಡವರು ನಂಬಬೇಕು. ಇವು ಮೂರೂ ಇಲ್ಲದ ಕಡೆಗೆ ನಾವೂ ನಮ್ಮ ಮಕ್ಕಳನ್ನು ಕಳುಹಿಸಲಾರೆವು.

2025ರ ಯೂರೋಪ್ ಸ್ಪರ್ಧೆಯು ಸ್ವಿಟ್ಜರ್ಲೆಂಡಿನಲ್ಲಿ ನಡೆಯಿತು. ಅದಕ್ಕೆ ಮುಂಚೆ ತಂಡದ ಹಳಬರಲ್ಲಿ ಕೆಲವರು ಬಿಟ್ಟುಹೋಗಿದ್ದರು. ಮೊದಲನೆಯ ಪಂದ್ಯವನ್ನೇ ಫ್ರಾನ್ಸಿಗೆ ಸೋತರು. ಸ್ವೀಡನ್ನಿನ ಎದುರು ಎರಡು ಗೋಲುಗಳಿಂದ ಹಿಂದೆ ಬಿದ್ದಾಗ ಹತ್ತೊಂಬತ್ತು ವರ್ಷದ ಮಿಶೆಲ್ ಅಜೆಮಾಂಗ್ ಎಂಬ ಹುಡುಗಿಯನ್ನು ವೀಗ್ಮನ್ ಕಣಕ್ಕಿಳಿಸಿದಳು. ಸಮಗೊಳಿಸಿದ ಗೋಲು ಆಕೆಯದು. ಇಟಲಿಯ ಎದುರಿನ ಪಂದ್ಯದಲ್ಲಿಯೂ ಗಡಿಯಾರವು ತೊಂಬತ್ತು ನಿಮಿಷಗಳನ್ನು ದಾಟಿದ ಮೇಲೆ ಅದೇ ಹುಡುಗಿಯು ಸಮ ಮಾಡಿದಳು. ಜುಲೈ 27ರಂದು ಬಾಸೆಲ್ ನಗರದಲ್ಲಿ ಸ್ಪೇನಿನೊಡನೆ 1-1ರಲ್ಲಿ ನಿಂತ ಅಂತಿಮ ಪಂದ್ಯವನ್ನು ಪೆನಾಲ್ಟಿ ಒದೆತಗಳಲ್ಲಿ 3-1ರಿಂದ ಗೆದ್ದರು. ಬಾಸೆಲ್ ಎಂಬ ಹೆಸರು ಮಂಗಳೂರು ಧಾರವಾಡಗಳ ಕಡೆಯ ಮಿಷನ್ ಶಾಲೆಗಳಲ್ಲಿ ಓದಿದವರ ಕಿವಿಗೆ ಬಹಳ ಪರಿಚಿತವಾದುದು. ಅಲ್ಲಿಂದ ಬಂದವರು ನಮ್ಮ ನಾಡಿಗೆ ಅಚ್ಚುಕೂಟವನ್ನೂ ಹಂಚಿನ ಕಾರ್ಖಾನೆಯನ್ನೂ ಕನ್ಯಾಶಾಲೆಯನ್ನೂ ತಂದರು. ಆ ಊರಿನಲ್ಲಿ ಹೆಣ್ಣುಮಕ್ಕಳು ಹೀಗೆ ಗೆದ್ದರೆಂದು ಓದಿದಾಗ ನಮಗೆ ಸ್ವಲ್ಪ ನಗೆಯೂ ಹೆಚ್ಚು ಸಂತೋಷವೂ ಆದವು.

ಇದು ಬಿಳಿಯರ ದೇಶಗಳ ಮಾತು, ನಮಗೇತಕ್ಕೆ ಎನ್ನುವವರಿಗೆ ಇನ್ನೊಂದು ತಾರೀಖನ್ನು ಹೇಳುತ್ತೇವೆ. ಅದೇ 2025ನೆಯ ಜುಲೈ 5ರಂದು ಭಾರತದ ಸ್ತ್ರೀಯರ ತಂಡವು ಥಾಯ್ಲೆಂಡಿನ ಚಿಯಾಂಗ್ ಮಾಯ್ ನಗರದಲ್ಲಿ ಆತಿಥೇಯರನ್ನು 2-1ರಿಂದ ಸೋಲಿಸಿ ಏಷ್ಯಾ ಕಪ್ಪಿನ ಮುಖ್ಯ ಸ್ಪರ್ಧೆಗೆ ಅರ್ಹತೆ ಪಡೆಯಿತು. ಅವರ ಮನೆಗಳಲ್ಲಿಯೂ ಯಾರೋ ಬಾಗಿಲನ್ನು ತೆರೆದಿಟ್ಟಿರಬೇಕು.

ನಮ್ಮ ಶಾಲೆಯ ಹುಡುಗಿಯರೆಲ್ಲರೂ ದೇಶಕ್ಕಾಗಿ ಆಡುವರೆಂದು ನಾವು ಕನಸು ಕಾಣುವುದಿಲ್ಲ. ಒಬ್ಬಳೂ ಆಡದಿರಬಹುದು. ಹತ್ತನೆಯ ತರಗತಿಯ ಪರೀಕ್ಷೆಯನ್ನು ಕಡೆಗಣಿಸಬೇಕೆಂಬುದೂ ನಮ್ಮ ಅಭಿಪ್ರಾಯವಲ್ಲ. ಫಲಿತಾಂಶದ ದಿನ ಪೋಷಕರಿಗಿಂತ ಮುಂಚೆ ನಮಗೇ ಎದೆಬಡಿತ ಆರಂಭವಾಗುತ್ತದೆ. ಆದರೆ ವಾರಕ್ಕೆ ಎರಡು ಪೀರಿಯಡ್ಡುಗಳನ್ನು ಉಳಿಸಿ ಗಣಿತಕ್ಕೆ ಸೇರಿಸಿದುದರಿಂದ ಗಣಿತದಲ್ಲಿ ಹಿಂದಿದ್ದವಳು ಮುಂದಾದುದನ್ನು ನಾವು ಇಷ್ಟು ವರ್ಷಗಳಲ್ಲಿ ಕಾಣಲಿಲ್ಲ. ಆಟವನ್ನು ಬಿಟ್ಟ ಹುಡುಗಿಯು ಬೆನ್ನು ಬಗ್ಗಿಸಿ ನಡೆಯಲಾರಂಭಿಸಿದುದನ್ನು ಮಾತ್ರ ಮತ್ತೆ ಮತ್ತೆ ಕಂಡಿದ್ದೇವೆ.

ಈಗ ಈ ಲೇಖನದ ನಿಜವಾದ ಉದ್ದೇಶವನ್ನು ತಿಳಿಸಬೇಕಾಗಿದೆ. ನಮ್ಮ ಶಾಲೆಯ ವ್ಯಾಯಾಮ ಶಿಕ್ಷಕಿಯ ಹುದ್ದೆಗೆ ಸರ್ಕಾರದ ಸಹಾಯಧನವಿಲ್ಲ. ಆಕೆಯ ಸಂಬಳವು ಶಾಲೆಯ ಸ್ವಂತ ನಿಧಿಯಿಂದಲೇ ಹೋಗಬೇಕು. ಆಟದ ಬಯಲಿನ ಪೂರ್ವ ಭಾಗದಲ್ಲಿ ಕಂಪ್ಯೂಟರ್ ಕೊಠಡಿಯನ್ನು ಕಟ್ಟಿಸಿ, ಬರುವ ವರ್ಷದಿಂದ ಆ ಹುದ್ದೆಯನ್ನು ನಿಲ್ಲಿಸಬಹುದೆಂಬ ಸೂಚನೆಯು ಆಡಳಿತ ಮಂಡಲಿಯ ಮುಂದಿದೆ. ಸೂಚಿಸಿದವರು ಶಾಲೆಯ ಹಿತೈಷಿಗಳೇ; ಕಂಪ್ಯೂಟರುಗಳು ಬೇಕೆಂಬುದೂ ದಿಟ. ಆದರೆ ಕೊಠಡಿಯನ್ನು ಹಳೆಯ ಹೊಲಿಗೆ ಕೋಣೆಯ ಮೇಲಿನ ಅಂತಸ್ತಿನಲ್ಲಿಯೂ ಕಟ್ಟಬಹುದು. ಬಯಲನ್ನು ಅಂತಸ್ತಿನ ಮೇಲೆ ಹಾಸಲಾಗುವುದಿಲ್ಲ. ಈ ಮಾತನ್ನು ಮಂಡಲಿಯ ಮುಂದೆ ನಾವು ಒಮ್ಮೆ ಹೇಳಿದ್ದೇವೆ, ಇನ್ನೊಮ್ಮೆಯೂ ಹೇಳುವೆವು. ನಮ್ಮೊಬ್ಬರ ಮಾತಿಗಿಂತ ಪೂರ್ವ ವಿದ್ಯಾರ್ಥಿನಿಯರ ಮಾತಿಗೆ ಅಲ್ಲಿ ತೂಕ ಹೆಚ್ಚು. ಆ ಬಯಲಿನಲ್ಲಿ ಥ್ರೋಬಾಲನ್ನೂ ಖೋಖೋವನ್ನೂ ಆಡಿ ಇಂದು ದಾದಿಯರಾಗಿ, ಉಪಾಧ್ಯಾಯಿನಿಯರಾಗಿ, ಬ್ಯಾಂಕಿನ ಅಧಿಕಾರಿಗಳಾಗಿ, ಗೃಹಿಣಿಯರಾಗಿ ಇರುವ ನೀವು, ನಿಮ್ಮ ಅಭಿಪ್ರಾಯವನ್ನು ಒಂದು ಕಾಗದದಲ್ಲಿ ಬರೆದು ಮಂಡಲಿಯ ಕಾರ್ಯದರ್ಶಿಗಳಿಗೆ ಬರುವ ಫೆಬ್ರವರಿಯ ಸಭೆಗೆ ಮುಂಚೆ ಕಳುಹಿಸಬೇಕೆಂದು ಕೋರುತ್ತೇವೆ. ಶಿಕ್ಷಕಿಯ ಸಂಬಳಕ್ಕಾಗಿ ವರ್ಷಕ್ಕೊಮ್ಮೆ ಚಂದಾ ಕೊಡಲಿಚ್ಛಿಸುವವರ ಹೆಸರುಗಳನ್ನು ಶಾಲೆಯ ಕಚೇರಿಯಲ್ಲಿ ಬರೆದುಕೊಳ್ಳಲಾಗುತ್ತದೆ. ಈಗಿನ ಪೋಷಕರಲ್ಲಿ ಯಾರಿಗಾದರೂ ಬಯಲಿನಲ್ಲಿ ಏನು ನಡೆಯುತ್ತದೆಂಬುದನ್ನು ಕಣ್ಣಾರೆ ನೋಡಬೇಕೆಂದಿದ್ದರೆ, ಬುಧವಾರಗಳಲ್ಲಿ ಸಂಜೆ ನಾಲ್ಕು ಗಂಟೆಗೆ ಬರಬಹುದು. ಬೇವಿನ ಮರದ ಕೆಳಗೆ ಬೆಂಚುಗಳನ್ನು ಹಾಕಿಸಿದ್ದೇವೆ.